ಅರ್ಧ ಎಕರೆ ಹೋದರೆ ಎಷ್ಟು ಬಗೆಯ ಮರ ಹೋದ ಹಾಗೆ?

ಪ್ರಶ್ನೆ: ದಕ್ಷಿಣ ಕೊಡಗಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮೂರಿನ ದೇವರಕಾಡು 5 ಎಕರೆ, ಸುತ್ತಲೂ ಕಾಫಿ ತೋಟ. ಪಕ್ಕದೂರಿನದು 40 ಎಕರೆ. ಇಕೋ ಕ್ಲಬ್ ಮಕ್ಕಳ ಜೊತೆ ಎರಡರಲ್ಲೂ ತಲಾ ಒಂದು ದಿನ ಮರ ಎಣಿಸಿದೆವು. ನಮ್ಮಲ್ಲಿ 58 ಬಗೆ, ಅಲ್ಲಿ 91. ನಮ್ಮ 58ರಲ್ಲಿ 14 ಅಲ್ಲಿ ಕಾಣಲಿಲ್ಲ. 23 ಬಗೆಗಳಿಗೆ ನಮ್ಮ ಕಾಡಿನಲ್ಲಿ ಒಂದೊಂದೇ ಮರ ಇದೆ. ಈಗ ದೇವಸ್ಥಾನದ ಸಮಿತಿ ಸಮುದಾಯ ಭವನಕ್ಕೂ ಪಾರ್ಕಿಂಗಿಗೂ ಕಾಡಿನ ಮೂಲೆಯ ಅರ್ಧ ಎಕರೆ ತೆರವು ಮಾಡಲು ಹೊರಟಿದೆ. ಅದಾಗದಿದ್ದರೆ ಆಚೆ ಬದಿಯ ಖಾಲಿ ಜಾಗದಲ್ಲಿ ಭವನ ಕಟ್ಟಿ, ಕಾಡಿನ ನಡುವೆ 6 ಮೀಟರ್ ಅಗಲದ ರಸ್ತೆ ಮಾಡುವ ಮಾತೂ ಇದೆ. ಸಭೆಯಲ್ಲಿ ಒಬ್ಬರು ‘ಜಾಗ ಹತ್ತರಲ್ಲೊಂದು ಹೋದರೆ ಮರದ ಬಗೆಯೂ ಹತ್ತರಲ್ಲೊಂದು ಹೋಗುತ್ತದೆ’ ಎಂದರು. ಎಂಜಿನಿಯರ್ ಒಬ್ಬರು ಯಾವುದೋ ಸೂತ್ರ ಹಾಕಿ ‘ಹೋಗುವುದು ಒಂದೇ ಬಗೆ’ ಎಂದರು. ಮತ್ತೊಬ್ಬರು ‘ಐದು ಎಕರೆ ಕಾಡೇ ಅಲ್ಲ, ದೊಡ್ಡದು ಉಳಿದರೆ ಸಾಕು’ ಎಂದರು. ತಕ್ಕರು (ಊರಿನ ಹಿರಿಯ ಮುಖ್ಯಸ್ಥರು) ನನ್ನ ಅಭಿಪ್ರಾಯ ಕೇಳಿದ್ದಾರೆ. ಏನು ಹೇಳಲಿ?

ಉತ್ತರ: ಮೂವರಲ್ಲಿ ಲೆಕ್ಕ ಸರಿ ಮಾಡಿದವರು ಎಂಜಿನಿಯರ್. ಆದರೆ ಆ ಲೆಕ್ಕ ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಉತ್ತರ ಇರುವುದು ಮಕ್ಕಳು ಬರೆದ ಪಟ್ಟಿಯಲ್ಲಿ. ಪಟ್ಟಿ ಇಲ್ಲದ ಕಡೆ ಅಂದಾಜಿಗೆ ಬೇಕಾಗುವುದು ಸೂತ್ರ. ನಿಮ್ಮ ಕೈಯಲ್ಲಿ ಪಟ್ಟಿಯೇ ಇದೆ.

ಮೊದಲ ಮಾತು ಸುಲಭಕ್ಕೆ ಬಿದ್ದುಹೋಗುತ್ತದೆ. ಜಾಗಕ್ಕೆ ತಕ್ಕಷ್ಟೇ ಬಗೆಗಳು ಎನ್ನುವುದಾದರೆ 5 ಎಕರೆಗೆ 58 ಇದ್ದಾಗ 40 ಎಕರೆಗೆ 464 ಇರಬೇಕಿತ್ತು. ನೀವು ಕಂಡದ್ದು 91. ಜಾಗ 8 ಪಟ್ಟು, ಬಗೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಕಾಡಿನೊಳಗೆ ನಡೆದವರಿಗೆಲ್ಲ ಇದು ಗೊತ್ತು: ಮೊದಲ ಹತ್ತು ಹೆಜ್ಜೆಯಲ್ಲಿ ಹೊಸ ಹೊಸ ಮರ ಸಿಗುತ್ತವೆ, ಆಮೇಲೆ ಕಂಡದ್ದೇ ಮತ್ತೆ ಮತ್ತೆ ಕಾಣುತ್ತದೆ, ಹೊಸದೊಂದಕ್ಕೆ ಬಹಳ ನಡೆಯಬೇಕಾಗುತ್ತದೆ. ಈ ನಿಧಾನವನ್ನು 1921ರಲ್ಲಿ ಸ್ವೀಡನ್ನಿನ ಒಲೊಫ್ ಅರೇನಿಯಸ್ ಸೂತ್ರವಾಗಿ ಬರೆದ. ಜಾಗ ಪ್ರತಿ ಸಲ ದುಪ್ಪಟ್ಟಾದಾಗಲೂ ಬಗೆಗಳ ಸಂಖ್ಯೆ ಒಂದೇ ಪ್ರಮಾಣದಲ್ಲಿ ಏರುತ್ತದೆ ಎಂಬುದು ಅದರ ತಿರುಳು. ಆ ಪ್ರಮಾಣವನ್ನು ತೀರ್ಮಾನಿಸುವ ಘಾತಕ್ಕೆ ‘ಝಡ್’ ಎನ್ನುತ್ತಾರೆ.

ನಿಮ್ಮ ಅಂಕಿಗಳಿಂದಲೇ ಮಕ್ಕಳು ಇದನ್ನು ಕಂಡುಹಿಡಿಯಬಹುದು. 91ನ್ನು 58ರಿಂದ ಭಾಗಿಸಿ ಲಾಗ್ ತೆಗೆಯಿರಿ: 0.196. 40ನ್ನು 5ರಿಂದ ಭಾಗಿಸಿ ಲಾಗ್ ತೆಗೆಯಿರಿ: 0.903. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.22. ಅಂದರೆ ನಿಮ್ಮ ಕಡೆ ಜಾಗ ದುಪ್ಪಟ್ಟಾದರೆ ಬಗೆ 1.16 ಪಟ್ಟು: 58, 67, 78, 91. ಎಡೆಬಿಡದೆ ಹರಡಿದ ಕಾಡಿನೊಳಗೇ ಸಣ್ಣ ಚೌಕ, ದೊಡ್ಡ ಚೌಕ ಹಾಕಿ ಎಣಿಸಿದರೆ ಈ ಅಂಕಿ ಸಾಮಾನ್ಯವಾಗಿ 0.12ರಿಂದ 0.18ರವರೆಗೆ ಬರುತ್ತದೆ. ಸಮುದ್ರದ ನಡುವಿನ ದ್ವೀಪಗಳನ್ನು ಹೋಲಿಸಿದರೆ 0.25ರಿಂದ 0.35. ನಿಮ್ಮದು ನಡುವೆ ಬಿದ್ದಿರುವುದರಲ್ಲಿ ಆಶ್ಚರ್ಯವಿಲ್ಲ. ದೇವರಕಾಡು ಒಂದು ದ್ವೀಪ ನಿಜ, ಆದರೆ ಸುತ್ತ ಇರುವ ನೆರಳಿನ ಕಾಫಿ ತೋಟ ಸಮುದ್ರವಲ್ಲ. ಮಂಗಟ್ಟೆ, ಕುಟ್ರು ಹಕ್ಕಿ, ಪುನುಗು ಬೆಕ್ಕು ಅದನ್ನು ದಾಟಿ ಬರುತ್ತವೆ, ಹೊಟ್ಟೆಯಲ್ಲಿ ಬೀಜ ಹೊತ್ತುಕೊಂಡೇ ಬರುತ್ತವೆ.

ಈಗ ಎಂಜಿನಿಯರ್ ಲೆಕ್ಕ. 5 ಎಕರೆ ನಾಲ್ಕೂವರೆಯಾದರೆ ಉಳಿಯುವುದು 0.9 ಭಾಗ. ಅದರ 0.22ನೇ ಘಾತ 0.977. 58ರಲ್ಲಿ ಹೋಗುವುದು ಒಂದು, ಹೆಚ್ಚೆಂದರೆ ಒಂದೂವರೆ. ನಡುವಿನ ರಸ್ತೆಯದಂತೂ 142 ಮೀಟರ್ ಉದ್ದ, 6 ಮೀಟರ್ ಅಗಲ, ಹೆಚ್ಚುಕಡಿಮೆ 21 ಸೆಂಟ್ (ನೂರು ಸೆಂಟಿಗೆ ಒಂದು ಎಕರೆ). ಅದಕ್ಕೆ ಸೂತ್ರ ಅರ್ಧ ಬಗೆಯ ನಷ್ಟ ತೋರಿಸುತ್ತದೆ. ಯಾವ ಸಭೆಯಲ್ಲಾದರೂ ಇಂಥ ಅಂಕಿ ಗೆಲ್ಲುತ್ತದೆ.

ಇದೇ ಸಮಾಧಾನವನ್ನು ಸೂತ್ರ ಇಡೀ ಕೊಡಗಿಗೂ ಕೊಡುತ್ತದೆ. 1905ರಲ್ಲಿ ಜಿಲ್ಲೆಯ ದೇವರಕಾಡುಗಳು ಒಟ್ಟು 15,506 ಎಕರೆ ಇದ್ದವು, 1985ರ ಹೊತ್ತಿಗೆ 6,299 ಎಕರೆ. ನೂರಕ್ಕೆ 59ರಷ್ಟು ಜಾಗ ಹೋದದ್ದಕ್ಕೆ 0.22 ಹಾಕಿದರೆ ಬಗೆಗಳ ನಷ್ಟ ನೂರಕ್ಕೆ 18 ಎಂದು ಬರುತ್ತದೆ. ಹೋದ ಜಾಗ ಹೇಗೆ ಹೋಯಿತು, ಉಳಿದದ್ದು ಎಷ್ಟು ಚೂರಾಗಿ ಉಳಿಯಿತು ಎಂಬುದು ಈ ಲೆಕ್ಕದೊಳಗೆ ಇಲ್ಲವೇ ಇಲ್ಲ. 1,214 ದೇವರಕಾಡುಗಳಿಗೆ ಆ 6,299 ಎಕರೆಯನ್ನು ಹಂಚಿದರೆ ತಲಾ 5 ಎಕರೆ ಚಿಲ್ಲರೆ. ಅಂದರೆ ನಿಮ್ಮೂರಿನದು ಕೊಡಗಿನ ಸರಾಸರಿ ದೇವರಕಾಡು. ‘ಐದು ಎಕರೆ ಕಾಡೇ ಅಲ್ಲ’ ಎಂದವರು ಹೆಚ್ಚುಕಡಿಮೆ ಜಿಲ್ಲೆಯ ದೇವರಕಾಡುಗಳನ್ನೆಲ್ಲ ಒಂದೇ ಮಾತಿನಲ್ಲಿ ಅಳಿಸಿಹಾಕಿದ್ದಾರೆ.

ದೊಡ್ಡ ಜಾಗದಲ್ಲಿ ಬಗೆ ಹೆಚ್ಚಿರುವುದಕ್ಕೆ ಕಾರಣ ಒಂದಲ್ಲ. ಮೊದಲನೆಯದು ಬರೀ ಎಣಿಕೆಯ ಮಾತು: ಹೆಚ್ಚು ಮರ ನೋಡಿದರೆ ಅಪರೂಪದ್ದು ಕಣ್ಣಿಗೆ ಬೀಳುವ ಸಂಭವ ಹೆಚ್ಚು. ಎರಡನೆಯದು ನೆಲದ ವೈವಿಧ್ಯ. 40 ಎಕರೆಯೊಳಗೆ ಒಂದು ತೊರೆ, ಒಂದಿಷ್ಟು ಜೌಗು, ಒಂದು ಬಂಡೆ ಬಯಲು ಇರುತ್ತದೆ. ತೊರೆದಂಡೆಯ ಮರ ಬಂಡೆಯ ಮೇಲೆ ಬರುವುದಿಲ್ಲ. ಮೂರನೆಯದು ನಿಜವಾಗಿ ಜಾಗದ್ದೇ ಪ್ರಭಾವ: ಸಣ್ಣ ಜಾಗದಲ್ಲಿ ಪ್ರತಿ ಬಗೆಗೂ ಕೆಲವೇ ಮರ, ಒಂದು ಗಾಳಿಮಳೆಗೋ ರೋಗಕ್ಕೋ ಆ ಕೆಲವು ಹೋದರೆ ವಂಶವೇ ಹೋಯಿತು. ಈ ಮೂರನೆಯದನ್ನು ಮಿಕ್ಕೆರಡರಿಂದ ಬೇರ್ಪಡಿಸಿ ತೋರಿಸಿದವರು ಅಮೆರಿಕದ ಡೇನಿಯಲ್ ಸಿಂಬರ್ಲಾಫ್. ಫ್ಲೋರಿಡಾದ ಪುಟ್ಟ ಕಾಂಡ್ಲಾ (ಮ್ಯಾಂಗ್ರೋವ್) ದ್ವೀಪಗಳಲ್ಲಿ ಇರುವುದು ಒಂದೇ ಜಾತಿಯ ಗಿಡ. ಅಂಥ ಕೆಲವನ್ನು ಸವರಿ ಚಿಕ್ಕದು ಮಾಡಿ ಕೀಟ, ಜೇಡಗಳನ್ನು ಎಣಿಸಿದಾಗ ಬಗೆಗಳು ಕಡಿಮೆಯಾಗಿದ್ದವು. ನೆಲದ ಬಗೆ ಬದಲಾಗಿರಲಿಲ್ಲ, ಬದಲಾದದ್ದು ಜಾಗದ ಅಳತೆ ಮಾತ್ರ. 1976ರಲ್ಲಿ ಪ್ರಕಟವಾದ ಕೆಲಸ ಅದು, ಈಗಲೂ ಪಾಠದಲ್ಲಿ ಹೇಳುವಷ್ಟು ಚೊಕ್ಕ.

ಹಾಗೆಂದು ಜಾಗವೇ ಎಲ್ಲವೂ ಅಲ್ಲ. ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1988ರಿಂದ 50 ಹೆಕ್ಟೇರಿನಲ್ಲಿ ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು ನೋಡುತ್ತಿದ್ದಾರೆ. ಅಲ್ಲಿ ಸಿಕ್ಕಿದ್ದು ಸುಮಾರು 70 ಬಗೆ. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ ಅಷ್ಟೇ 50 ಹೆಕ್ಟೇರಿಗೆ ಸುಮಾರು 300. ಮಲೇಷ್ಯಾದ ಪಾಸೊದಲ್ಲಿ 800ಕ್ಕೂ ಹೆಚ್ಚು. ಮೂರೂ ಕಡೆ ಅಳತೆ ಒಂದೇ: ಎದೆಮಟ್ಟದಲ್ಲಿ 1 ಸೆಂಟಿಮೀಟರ್ ವ್ಯಾಸ ಮುಟ್ಟಿದ್ದನ್ನೆಲ್ಲ ಎಣಿಸಿದ್ದಾರೆ. ಹಾಗಾಗಿ ಇನ್ನೊಂದು ಜಿಲ್ಲೆಯ ಲೆಕ್ಕ ತಂದು ‘ಇಷ್ಟು ಎಕರೆಗೆ ಇಷ್ಟಿರಬೇಕು’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಸೂತ್ರ ಹೇಳದೇ ಬಿಡುವ ಸಂಗತಿಗಳಲ್ಲಿ ನಿಮಗೆ ಮುಖ್ಯವಾದದ್ದು ಅಂಚು. ಕಾಡಿನ ಅಂಚಿನಲ್ಲಿ ಬಿಸಿಲು ಅಡ್ಡಲಾಗಿ ಒಳಗೆ ಬರುತ್ತದೆ, ಗಾಳಿ ನುಗ್ಗುತ್ತದೆ, ತರಗೆಲೆ ಒಣಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣದಿನಗಳಲ್ಲಿ ರಾಂಪತ್ರೆ, ಧೂಪದಂಥ ಮರಗಳ ಮೊಳಕೆ ಅಲ್ಲಿ ಬದುಕುವುದು ಕಷ್ಟ. ಬದುಕುವುದು ಚಂದಕಲು, ಲಂಟಾನ, ನಮ್ಮವರು ಕಮ್ಯುನಿಸ್ಟ್ ಗಿಡ ಎನ್ನುವ ಯುಪಟೋರಿಯಂ. ಈ ಪ್ರಭಾವ ಎಷ್ಟು ಒಳಕ್ಕೆ ಹೋಗುತ್ತದೆ ಎಂಬುದು ಅಂಚಿನ ಆಚೆ ಏನಿದೆ ಎಂಬುದರ ಮೇಲಿದೆ. ಲೆಕ್ಕಕ್ಕೆ 50 ಮೀಟರ್ ಎಂದಿಟ್ಟುಕೊಳ್ಳೋಣ. ನೆರಳು ಮರ ತುಂಬಿದ ತೋಟವಿದ್ದರೆ ಇದಕ್ಕಿಂತ ಕಡಿಮೆ, ಕಾಂಕ್ರೀಟ್ ಅಂಗಳವಿದ್ದರೆ ಹೆಚ್ಚು.

ನಿಮ್ಮ 5 ಎಕರೆ ಚೌಕಾಕಾರ ಎಂದುಕೊಂಡರೆ ಪ್ರತಿ ಬದಿ 142 ಮೀಟರ್. ಎಲ್ಲ ಕಡೆಯಿಂದ 50 ಮೀಟರ್ ಬಿಟ್ಟರೆ ಒಳಗೆ ಉಳಿಯುವ ನಿಜವಾದ ತಂಪುಗಾಡು 42 ಮೀಟರಿನ ಒಂದು ಚೌಕ, ಅಂದರೆ 44 ಸೆಂಟ್. ಪಕ್ಕದೂರಿನ 40 ಎಕರೆಗೆ ಇದೇ ಲೆಕ್ಕ ಹಾಕಿದರೆ ಇಪ್ಪತ್ತೆರಡೂವರೆ ಎಕರೆ ಒಳಗಾಡು ಸಿಗುತ್ತದೆ. ಜಾಗದಲ್ಲಿ 8 ಪಟ್ಟು ವ್ಯತ್ಯಾಸ, ಒಳಗಾಡಿನಲ್ಲಿ 50 ಪಟ್ಟು.

ಇದನ್ನು ಸಮಿತಿಯ ಯೋಜನೆಗಳ ಮೇಲೆ ಇಟ್ಟು ನೋಡಿ. ಮೂಲೆಯಲ್ಲಿ 45 ಮೀಟರ್ ಚೌಕ ಕಡಿದರೆ ಅರ್ಧ ಎಕರೆ. ಆ ಚೌಕದ ಒಳಮೂಲೆ ನಿಮ್ಮ 44 ಸೆಂಟ್ ಒಳಗಾಡಿಗೆ ಬಹುತೇಕ ತಾಗುತ್ತದೆ, ಅಲ್ಲಿಂದ ಮತ್ತೆ 50 ಮೀಟರ್ ಅಂಚು ಶುರು. ಕೊನೆಗೆ ಉಳಿಯುವ ಒಳಗಾಡು 8 ಸೆಂಟ್. ಅದೇ ಅರ್ಧ ಎಕರೆಯನ್ನು ಒಂದು ಬದಿಯುದ್ದಕ್ಕೂ 14 ಮೀಟರ್ ಅಗಲದ ಪಟ್ಟಿಯಾಗಿ ತೆಗೆದರೆ 29 ಸೆಂಟ್ ಉಳಿಯುತ್ತದೆ. ಜಾಗ ಹೋದದ್ದು ಎರಡೂ ಕಡೆ ಅಷ್ಟೇ, ಸೂತ್ರದ ಉತ್ತರವೂ ಒಂದೇ. ಇನ್ನು ರಸ್ತೆ. ಅದು ಕಾಡನ್ನು 68 ಮೀಟರ್ ಅಗಲದ ಎರಡು ಪಟ್ಟಿಯಾಗಿ ಸೀಳುತ್ತದೆ. ಎರಡೂ ಬದಿಯಿಂದ 50 ಮೀಟರ್ ಒಳಕ್ಕೆ ಬಂದರೆ ಎಲ್ಲಿಯೂ ಒಳಗಾಡು ಉಳಿಯದು. ಸೂತ್ರದ ಪ್ರಕಾರ ಅತಿ ಕಡಿಮೆ ನಷ್ಟದ ಯೋಜನೆ ನೆಲದ ಮೇಲೆ ಅತಿ ಕೆಟ್ಟದ್ದು. ಸಭೆಯಲ್ಲಿ ಒಂದೇ ಒಂದು ಚಿತ್ರ ತೋರಿಸುವುದಾದರೆ ಗ್ರಾಫ್ ಹಾಳೆಯ ಮೇಲೆ ಈ ಮೂರು ಚೌಕ ಬಿಡಿಸಿ ತೋರಿಸಿ. ನಿಮ್ಮ ಕಾಡಿನ ನಿಜವಾದ ಆಕಾರ ಚೌಕವಲ್ಲದಿದ್ದರೆ (ಯಾವ ದೇವರಕಾಡೂ ಅಲ್ಲ) ಈ ಅಂಕಿಗಳು ಬದಲಾಗುತ್ತವೆ; ಉದ್ದವಾಗಿಯೋ ಅಂಕುಡೊಂಕಾಗಿಯೋ ಇದ್ದರೆ ಒಳಗಾಡು ಇನ್ನೂ ಕಡಿಮೆ ಬರುತ್ತದೆ. ಮೊಬೈಲಿನ ಜಿಪಿಎಸ್ ಹಿಡಿದು ಗಡಿಯ ಸುತ್ತ ಒಂದು ಸುತ್ತು ನಡೆದು ನಕ್ಷೆ ತೆಗೆದರೆ ಗೊತ್ತಾಗುತ್ತದೆ. ದಟ್ಟ ಮರದಡಿ ಜಿಪಿಎಸ್ ಐದು ಹತ್ತು ಮೀಟರ್ ತಪ್ಪು ತೋರಿಸುವುದುಂಟು. ಮೂಲೆಗಳಲ್ಲಿ ಎರಡು ನಿಮಿಷ ನಿಂತು ಬಿಂದು ಹಾಕಿಕೊಳ್ಳಿ.

ಸೂತ್ರದಲ್ಲಿಲ್ಲದ ಇನ್ನೊಂದು ಸಂಗತಿ ಕಾಲ. ಮರ ಕಡಿದ ದಿನವೇ ಎಲ್ಲ ನಷ್ಟವೂ ಆಗುವುದಿಲ್ಲ. ಬ್ರೆಜಿಲಿನ ಮನೌಸ್ ಬಳಿ 1979ರಿಂದ 1, 10, 100 ಹೆಕ್ಟೇರಿನ ಕಾಡುತುಂಡುಗಳನ್ನು ಗಮನಿಸುತ್ತ ಬಂದಿದ್ದಾರೆ. ಅಲ್ಲಿ 100 ಹೆಕ್ಟೇರಿನ ತುಂಡೂ ಮರದಡಿಯ ಹಕ್ಕಿಗಳಲ್ಲಿ ಅರ್ಧ ಬಗೆಗಳನ್ನು 15 ವರ್ಷದೊಳಗೇ ಕಳೆದುಕೊಳ್ಳುತ್ತದೆ ಎಂದು ಕಂಡುಬಂತು. ಹಕ್ಕಿಗೆ 15 ವರ್ಷವಾದರೆ, ನೂರಾರು ವರ್ಷ ಬದುಕುವ ಮರಕ್ಕೆ ಮೊಮ್ಮಕ್ಕಳ ಕಾಲವೇ ಬರಬೇಕು. ಮರ ನಿಂತಿರುತ್ತದೆ, ಅಡಿಯಲ್ಲಿ ಸಸಿ ಇರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಅದು ಇನ್ನೂ ಒಂದು ಬಗೆ, ಲೆಕ್ಕಕ್ಕೆ ಉಂಟು, ವಂಶಕ್ಕಿಲ್ಲ.

ಇದರ ತಲೆಕೆಳಗಾದ ರೂಪವೂ ಒಂದಿದೆ, ಅದಕ್ಕೆ ಮೋಸಹೋಗುವವರು ಬಹಳ. ತೆರವು ಮಾಡಿದ ಎರಡು ಮೂರು ವರ್ಷಕ್ಕೆ ಗಿಡಗಳನ್ನೂ ಸೇರಿಸಿ ಎಣಿಸಿದರೆ ಸಂಖ್ಯೆ ಏರಿರುತ್ತದೆ, ಬಿಸಿಲು ಬೇಡುವ ಗಿಡಗಳು ಅಂಚಿಗೆ ಬಂದು ಸೇರಿರುತ್ತವೆ. 58 ಇದ್ದದ್ದು 62 ಆಯಿತು, ಕಾಡಿಗೆ ಒಳ್ಳೆಯದೇ ಆಯಿತು ಎಂದು ಯಾರಾದರೂ ವರದಿ ಬರೆದರೆ ಅಂಕಿ ಸುಳ್ಳಲ್ಲ. ಬಂದವು ರಸ್ತೆಬದಿಯಲ್ಲಿ ಎಲ್ಲಿ ಬೇಕಾದರೂ ಸಿಗುವಂಥವು, ಹೋಗಲಿರುವವು ಬೇರೆಲ್ಲೂ ಸಿಗದಂಥವು. ಎಷ್ಟು ಎಂದು ಕೇಳುವುದಕ್ಕಿಂತ ಯಾವುದು ಎಂದು ಕೇಳುವುದು ಅದಕ್ಕೇ ಮೇಲು.

ಹಾಗಾಗಿ ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು 58 ಅಲ್ಲ, 14 ಮತ್ತು 23.

14 ಎಂಬುದು ‘ದೊಡ್ಡದು ಸಾಕು’ ಎಂಬ ಮಾತಿಗೆ ಉತ್ತರ. ಎರಡೂ ಕಾಡು ಸೇರಿದರೆ 45 ಎಕರೆ, 105 ಬಗೆ. ಆ 40 ಎಕರೆಯನ್ನೇ 45ಕ್ಕೆ ಹಿಗ್ಗಿಸಿದ್ದರೆ ಸೂತ್ರದ ಪ್ರಕಾರ ಸಿಗುತ್ತಿದ್ದದ್ದು 93 ಅಥವಾ 94. ಬೇರೆ ಮಣ್ಣು, ಬೇರೆ ಇಳಿಜಾರು, ಬೇರೆ ಚರಿತ್ರೆ ಇರುವ ಸಣ್ಣ ಕಾಡು ತನ್ನದೇ ಪಟ್ಟಿ ಇಟ್ಟುಕೊಂಡಿರುತ್ತದೆ. ಒಂದು ದೊಡ್ಡದು ಮೇಲೋ, ಹಲವು ಚಿಕ್ಕದು ಮೇಲೋ ಎಂಬ ಜಗಳ ವಿಜ್ಞಾನಿಗಳಲ್ಲಿ 1975-76ರಿಂದ ನಡೆದಿದೆ. ಅದಕ್ಕೆ ಒಂದೇ ಉತ್ತರ ಇಲ್ಲ. ಆನೆಗೆ, ಒಳಗಾಡಿನ ಹಕ್ಕಿಗೆ ದೊಡ್ಡದೇ ಬೇಕು. ಮರ, ಅಣಬೆಗಳ ವಿಷಯದಲ್ಲಿ ಚದುರಿದ ಚಿಕ್ಕವು ಒಟ್ಟಾಗಿ ಬಹಳ ಹಿಡಿದಿಟ್ಟುಕೊಳ್ಳುತ್ತವೆ. ಕೊಡಗಿನಲ್ಲೇ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಳಿವಿನ ಭೀತಿಯ ಕೆಲವು ಮರಗಳು ಮೀಸಲು ಅರಣ್ಯಕ್ಕಿಂತ ದೇವರಕಾಡುಗಳಲ್ಲೇ ಹೆಚ್ಚಾಗಿ ಕಂಡವು. ಆದರೆ 14ನ್ನು ಸಭೆಯಲ್ಲಿ ಹೇಳುವ ಮುನ್ನ ಒಂದು ಎಚ್ಚರ. 5 ಎಕರೆಗೂ ಒಂದು ದಿನ, 40 ಎಕರೆಗೂ ಒಂದು ದಿನ ಕೊಟ್ಟಿದ್ದೀರಿ. ದೊಡ್ಡದರಲ್ಲಿ ಬಿಟ್ಟುಹೋದದ್ದು ಬಹಳ ಇರುತ್ತದೆ. 14ರಲ್ಲಿ ಕೆಲವು ಅಲ್ಲೂ ಇರಬಹುದು, 91 ನಿಜದಲ್ಲಿ ನೂರು ದಾಟಬಹುದು, 0.22 ಕೂಡ ಆಗ ಏರುತ್ತದೆ.

23 ಎಂಬುದು ಅರ್ಧ ಎಕರೆಯ ಪ್ರಶ್ನೆಗೆ ನೇರ ಉತ್ತರ ಕೊಡುವ ಅಂಕಿ. ಒಂದೊಂದೇ ಮರವಿರುವ 23 ಬಗೆ ಕಾಡಿನಲ್ಲೆಲ್ಲ ಚದುರಿವೆ ಎಂದುಕೊಂಡರೆ ಹತ್ತರಲ್ಲೊಂದು ಭಾಗದ ಜಾಗದಲ್ಲಿ ಎರಡೋ ಮೂರೋ ಇರಬೇಕು. ಆದರೆ ‘ಇರಬೇಕು’ ಎಂಬ ಮಾತೇ ಬೇಡ. ಮೂಲೆಯ ಆ ಅರ್ಧ ಎಕರೆಗೆ ಹಗ್ಗ ಹಿಡಿದು, ಪಟ್ಟಿ ತೆಗೆದುಕೊಂಡು ಹೋಗಿ, ಒಳಗೆ ಯಾವ ಯಾವ ಒಂಟಿಮರ ಇದೆ ಎಂದು ನೋಡಿ. ಒಂದೂ ಇಲ್ಲದಿರಬಹುದು. ಐದು ಇರಬಹುದು. ಆಮೇಲೆ ಪ್ರತಿ ಒಂಟಿಮರದ ಬುಡದಿಂದ 20 ಮೀಟರ್ ಸುತ್ತ ಅದರದೇ ಸಸಿ ಇದೆಯೇ ನೋಡಿ. ಸಸಿ ಇದ್ದರೆ ವಂಶ ನಡೆದಿದೆ. ಇಲ್ಲದಿದ್ದರೆ ಕಾರಣ ಹುಡುಕಬೇಕು. ರಾಂಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂಟಿ ಹೆಣ್ಣು ಮರಕ್ಕೆ ಪಕ್ಕದ ತೋಟದಲ್ಲೋ ಕಾಡಿನಲ್ಲೋ ಗಂಡು ಇಲ್ಲದಿದ್ದರೆ ಕಾಯಿ ಹಿಡಿಯುವುದೇ ಇಲ್ಲ.

ಎಣಿಕೆಯನ್ನು ಇನ್ನೊಮ್ಮೆ ಮಾಡುವುದಿದ್ದರೆ ಹೀಗೆ ಮಾಡಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ 30 ಸೆಂಟಿಮೀಟರ್ ಮುಟ್ಟಿದ್ದು ಮಾತ್ರ ಮರ, ಮಿಕ್ಕಿದ್ದು ಸಸಿ. ಎರಡಕ್ಕೂ ಬೇರೆ ಹಾಳೆ. ಬಳ್ಳಿಗೆ ಮೂರನೆಯದು. 1.3 ಮೀಟರಿನ ಒಂದು ಕೋಲು ಕಡಿದು ಪ್ರತಿ ಗುಂಪಿಗೂ ಕೊಡಿ, ಇಲ್ಲದಿದ್ದರೆ ಎತ್ತರದ ಹುಡುಗನ ಎದೆಮಟ್ಟ ಬೇರೆ, ಕುಳ್ಳ ಹುಡುಗನದು ಬೇರೆ. ಮೊದಲು 10 ಮೀಟರ್ ಚೌಕ ಹಾಕಿ, ಅದನ್ನೇ 10 ಗುಣಿಸು 20ಕ್ಕೆ ಬೆಳೆಸಿ, ಆಮೇಲೆ 20 ಗುಣಿಸು 20, 20 ಗುಣಿಸು 40, 40 ಗುಣಿಸು 40. ಪ್ರತಿ ಹಂತದಲ್ಲೂ ಹೊಸದಾಗಿ ಸಿಕ್ಕ ಬಗೆಯಷ್ಟನ್ನೇ ಸೇರಿಸುತ್ತ ಹೋಗಿ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಒತ್ತಿ ಎಳೆಯಬೇಡಿ, ಮಟ್ಟವಾಗಿ ಹಿಡಿಯಿರಿ. ಕೊಡಗಿನ ಇಳಿಜಾರಿನಲ್ಲಿ ಹಾಗೆ ಮಾಡದಿದ್ದರೆ ಚೌಕ ನೀವೆಣಿಸಿದ್ದಕ್ಕಿಂತ ಚಿಕ್ಕದಾಗಿರುತ್ತದೆ.

ಎರಡು ಕಾಡು ಹೋಲಿಸಲು ಒಟ್ಟು ಬಗೆ ಬಳಸಬೇಡಿ. ಎರಡೂ ಕಡೆ 200 ಮರ ಎಣಿಸಿ, ಆ 200ರಲ್ಲಿ ಎಷ್ಟು ಬಗೆ ಎಂದು ನೋಡಿ. ಒಂದೇ ಮೂಲೆಯ 200 ಬೇಡ, ಕಾಡಿನ ಐದು ಕಡೆಯಿಂದ ತಲಾ 40. ಆಗ ಕಾಡಿನ ಗಾತ್ರದ ಗೊಂದಲ ಬಹಳಷ್ಟು ತಪ್ಪುತ್ತದೆ.

ತಪ್ಪುಗಳು ಹೆಚ್ಚಾಗಿ ಆಗುವುದು ಹೆಸರಿನಲ್ಲಿ. ‘ನೇರಳೆ’ ಎಂದು ಬರೆದದ್ದು ನಿಜದಲ್ಲಿ ಮೂರು ನಾಲ್ಕು ಬಗೆ ಆಗಿರಬಹುದು. ಒಂದೇ ಮರಕ್ಕೆ ಕೊಡವ ಹೆಸರೊಂದು, ಕನ್ನಡದ ಹೆಸರೊಂದು ಬಂದು ಎರಡಾಗಿರಬಹುದು. ಗೋಣಿ, ಬಸರಿಯಂಥವು ಇನ್ನೊಂದು ಮರದ ಮೇಲೆ ಹುಟ್ಟಿದ್ದರೆ ಮಕ್ಕಳು ಕೆಳಗಿನ ಮರವನ್ನೇ ಬಿಟ್ಟುಬಿಡುತ್ತಾರೆ. ಅನುಮಾನದ್ದಕ್ಕೆಲ್ಲ ಎಲೆಯ ಎರಡೂ ಬದಿ, ತೊಗಟೆ, ಸಿಕ್ಕರೆ ಕಾಯಿ, ಇವುಗಳ ಫೋಟೋ ತೆಗೆದು, ಒಂದು ರೆಂಬೆಯನ್ನು ಪೇಪರಿನಲ್ಲಿ ಒತ್ತಿಟ್ಟು ಪೊನ್ನಂಪೇಟೆಯ ಅರಣ್ಯ ಕಾಲೇಜಿನವರಿಗೆ ತೋರಿಸಿ. ಯಾರೋ ನೆಟ್ಟ ಸಿಲ್ವರ್ ಓಕ್ ಪಟ್ಟಿಯಲ್ಲಿದ್ದರೆ ತೆಗೆದುಹಾಕಿ.

ಈಗ ತಕ್ಕರಿಗೆ ಏನು ಹೇಳುವುದು ಎಂಬುದಕ್ಕೆ ಬರೋಣ. ಭವನ ಕಾಡಿನ ಹೊರಗೆ, ರಸ್ತೆ ಕಾಡನ್ನು ಸುತ್ತುಹಾಕಿ. ನನ್ನ ಮಟ್ಟಿಗೆ ಸರಿಯಾದ ದಾರಿ ಇದೊಂದೇ. ಆಚೆ ಬದಿಯಲ್ಲಿ ಖಾಲಿ ಜಾಗ ಇದೆ ಎಂದು ನೀವೇ ಬರೆದಿದ್ದೀರಿ. ಸುತ್ತು ರಸ್ತೆಗೆ ಯಾರದೋ ತೋಟದ ಅಂಚು ಬೇಕಾಗುತ್ತದೆ, ದುಡ್ಡೂ ಮಾತುಕತೆಯೂ ಬೇಕಾಗುತ್ತವೆ, ಊರಿನಲ್ಲಿ ಅದು ಸುಲಭವಲ್ಲ ಎಂಬುದು ಗೊತ್ತು. ಕಾಡಿನೊಳಗೆ ಈಗಾಗಲೇ ದೇವಸ್ಥಾನಕ್ಕೆ ಕಾಲುದಾರಿ ಇದ್ದರೆ ಅದನ್ನು ಕಾಲುದಾರಿಯಾಗಿಯೇ ಇಟ್ಟುಕೊಳ್ಳಿ. ಮೇಲೆ ಕೊಂಬೆಗಳು ಕೂಡಿಕೊಂಡಿರುವ ಒಂದೂವರೆ ಮೀಟರ್ ದಾರಿ ಅಂಚು ಎನಿಸಿಕೊಳ್ಳುವುದಿಲ್ಲ. ಆಕಾಶ ಕಾಣುವ 6 ಮೀಟರ್ ರಸ್ತೆ ಅಂಚೇ.

ಅದು ಆಗದೇ ಹೋಗಿ ಸಮಿತಿ ಹಟ ಹಿಡಿದರೆ, ಈಗಾಗಲೇ ಹಾಳಾಗಿರುವ ಬದಿಯ ಪಟ್ಟಿ ಮೂಲೆಗಿಂತ ಮೇಲು, ಮೂಲೆ ರಸ್ತೆಗಿಂತ ಮೇಲು. ಆದರೆ ಪಟ್ಟಿಗೆ ಅದರದೇ ಅಪಾಯ ಉಂಟು: ಉದ್ದನೆಯ ಅಂಚು ಮುಂದೆ ಗುಡಿಸಿದಂತೆ ಒಳಕ್ಕೆ ಸರಿಯುತ್ತದೆ. ಇವತ್ತು 14 ಮೀಟರ್, ಐದು ವರ್ಷಕ್ಕೆ ನೀರಿನ ಟ್ಯಾಂಕಿಗೆ ಇನ್ನೆರಡು. ಕಲ್ಲು ನೆಟ್ಟು ಗಡಿ ಗುರುತಿಸದೆ ಇದಕ್ಕೆ ಒಪ್ಪಬಾರದು.

ಇವೆಲ್ಲಕ್ಕೂ ಮೊದಲು ಕಾನೂನು. ಕೊಡಗಿನ ದೇವರಕಾಡುಗಳು ಬಹುಪಾಲು ಅರಣ್ಯ ಇಲಾಖೆಯ ದಾಖಲೆಯಲ್ಲಿವೆ. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ (2023ರ ತಿದ್ದುಪಡಿಯಿಂದ ಅದರ ಹೆಸರು ‘ವನ ಸಂರಕ್ಷಣ ಏವಂ ಸಂವರ್ಧನ ಅಧಿನಿಯಮ’) ಪ್ರಕಾರ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಸಮಿತಿಯ ಠರಾವು ಸಾಲದು. ಪಹಣಿ ತೆಗೆಸಿ, ವಲಯ ಅರಣ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೇಳಿ ಎಂದು ತಕ್ಕರಿಗೆ ಹೇಳಿ. ಎಷ್ಟೋ ಸಲ ವಾದ ಅಲ್ಲಿಗೇ ಮುಗಿಯುತ್ತದೆ.

‘ಕಡಿದಷ್ಟಕ್ಕೆ ಎರಡರಷ್ಟು ನೆಡುತ್ತೇವೆ’ ಎಂಬ ಮಾತು ಬಂದೇ ಬರುತ್ತದೆ. ನರ್ಸರಿಯಲ್ಲಿ ಸಿಗುವ ಹೊಂಗೆ, ಮಹಾಗನಿ, ನೇರಳೆಯ ನೂರು ಸಸಿ ಒಂದು ಒಂಟಿಮರಕ್ಕೆ ಬದಲಾಗುವುದಿಲ್ಲ. ನಿಜಕ್ಕೂ ನೆಡುವ ಮನಸ್ಸಿದ್ದರೆ ಆ 23ರ ಪಟ್ಟಿ ಹಿಡಿದು ಹತ್ತಿರದ ದೇವರಕಾಡುಗಳಿಂದಲೇ ಬೀಜ ತರಬೇಕು. ಧೂಪ, ರಾಂಪತ್ರೆಯಂಥವುಗಳ ಬೀಜ ಒಣಗಿಸಿ ಡಬ್ಬಿಯಲ್ಲಿ ಇಡುವಂಥದಲ್ಲ. ಒಣಗಿದರೆ ಸತ್ತಂತೆ. ಮಳೆ ಶುರುವಿನಲ್ಲಿ ಬಿದ್ದದ್ದನ್ನು ಆಯ್ದು ಅದೇ ವಾರ ಮಣ್ಣಿಗೆ ಹಾಕಬೇಕು. ಒಂದೇ ತಾಯಿಮರದ ಬುಡದಿಂದ ಎಲ್ಲವನ್ನೂ ಬಾಚಬೇಡಿ, ನಾಲ್ಕೈದು ಮರಗಳಿಂದ ಸ್ವಲ್ಪ ಸ್ವಲ್ಪ. ನೆಡುವ ಜಾಗ ಕಾಡಿನ ಒಳಗಲ್ಲ, ಅಂಚಿಗೆ ತಾಗಿದ ತೋಟದ ಮೊದಲ ಎರಡು ಮೂರು ಸಾಲು. ಅಕ್ಕಪಕ್ಕದ ಬೆಳೆಗಾರರು ಅಷ್ಟರಲ್ಲಿ ಸಿಲ್ವರ್ ಓಕ್ ಬದಲು ಕಾಡುಮರದ ನೆರಳು ಇಟ್ಟುಕೊಂಡರೆ ನಿಮ್ಮ 5 ಎಕರೆ ಕಾಗದದ ಮೇಲೆ ಬೆಳೆಯದೆಯೇ ನೆಲದ ಮೇಲೆ ಬೆಳೆಯುತ್ತದೆ. ಅವರ ಲೆಕ್ಕವೂ ಗೊತ್ತಿರಲಿ: ಸಿಲ್ವರ್ ಓಕ್ ಕಡಿಯಲು ಪರವಾನಗಿಯ ರಗಳೆ ಇಲ್ಲ, ಮೆಣಸಿನ ಬಳ್ಳಿ ನೆಟ್ಟಗೆ ಏರುತ್ತದೆ. ಹಾಗಾಗಿ ಇಡೀ ತೋಟ ಕೇಳಬೇಡಿ, ಅಂಚಿನ ಸಾಲು ಮಾತ್ರ ಕೇಳಿ.

ಭವನಕ್ಕಿಂತ ದೊಡ್ಡ ನಷ್ಟ ಮಾಡುವ ಇನ್ನೊಂದು ರೂಢಿಯನ್ನು ನೀವು ಬರೆದಿಲ್ಲ, ಆದರೆ ಇರಬಹುದೆಂದು ಕೇಳುತ್ತೇನೆ. ಹಬ್ಬದ ಮುಂಚೆ ಕಾಡನ್ನು ‘ಕ್ಲೀನ್’ ಮಾಡುವುದು. ಕತ್ತಿ ಹಿಡಿದು ಅಡಿಯ ಗಿಡವೆಲ್ಲ ಸವರಿದರೆ ನೋಡಲು ಚಂದ, ದೊಡ್ಡ ಮರಗಳ ಎಣಿಕೆಯೂ ಕದಲುವುದಿಲ್ಲ, ಮುಂದಿನ ತಲೆಮಾರು ಮಾತ್ರ ಪ್ರತಿ ವರ್ಷ ಕಸದ ರಾಶಿಗೆ ಹೋಗುತ್ತದೆ. ಸವರುವುದು ಗುಡಿಯ ಸುತ್ತ ಹತ್ತು ಮೀಟರಿಗೆ, ದಾರಿಯ ಅಗಲಕ್ಕೆ ಸಾಕು. ಲಂಟಾನ, ಯುಪಟೋರಿಯಂ ಕಂಡಲ್ಲಿ ಬೇರುಸಹಿತ ಕೀಳಲಿ, ಮಿಕ್ಕಿದ್ದನ್ನು ಮುಟ್ಟದಿರಲಿ.

ಸಭೆಗೆ ಮುನ್ನ ಮಾಡಬೇಕಾದ ಕೆಲಸ ಒಂದು ಮಧ್ಯಾಹ್ನದ್ದು. ಮೂಲೆಯ ಅರ್ಧ ಎಕರೆಯ ನಾಲ್ಕು ಕಡೆ ಹಗ್ಗ ಕಟ್ಟಿ, ಒಳಗಿನ ಒಂಟಿಮರಗಳಿಗೆ ಸುಣ್ಣದಲ್ಲಿ ಪಟ್ಟಿಯ ಸಂಖ್ಯೆ ಬರೆಸಿ. ಮೊಳೆ ಹೊಡೆದು ತಗಡು ತೂಗಿಸಬೇಡಿ, ಗಾಯ ಕೊಳೆಯುತ್ತದೆ. ಆಮೇಲೆ ಸಮಿತಿಯವರನ್ನು ಅಲ್ಲಿಗೇ ಕರೆದು, ಪಟ್ಟಿಯನ್ನು ಮಕ್ಕಳ ಕೈಯಲ್ಲೇ ಓದಿಸಿ. ಅವತ್ತು ಮಳೆಯಿದ್ದರೆ ಜಿಗಣೆಗೆ ಸುಣ್ಣ, ಹೊಗೆಸೊಪ್ಪು ಒಯ್ಯುವುದು ಮರೆಯಬೇಡಿ.